ಪರದೆಯ ಆಯ್ದ ಭಾಗದ ಸ್ಕ್ರೀನ್‌ಶಾಟ್

ಗಣಕಯಂತ್ರದ ಅಥವಾ ಮೊಬೈಲಿನ ಪರದೆಯ ಮೇಲೆ ಕಾಣುತ್ತಿರುವುದನ್ನು ಕಂಡ ಹಾಗೆಯೇ ಚಿತ್ರವಾಗಿ ಉಳಿಸಿಕೊಳ್ಳುವುದನ್ನು ಸ್ಕ್ರೀನ್‌ಶಾಟ್ ಅಥವಾ ಪರದೆಚಿತ್ರ ಎಂದು ಕರೆಯಲಾಗುತ್ತದೆ. ಇಡೀ ಪರದೆಯ ಬದಲು ಬಳಕೆದಾರರು ಗುರುತಿಸಿದ ಒಂದು ಭಾಗವನ್ನು ಮಾತ್ರ ಸೆರೆಹಿಡಿದರೆ ಅದು ಆಯ್ದ ಭಾಗದ ಸ್ಕ್ರೀನ್‌ಶಾಟ್. ದೋಷಸಂದೇಶವನ್ನು ತಂತ್ರಜ್ಞರಿಗೆ ತೋರಿಸಲು, ಪಾಠಕ್ಕೆ ಚಿತ್ರ ಸಿದ್ಧಪಡಿಸಲು, ಪಹಣಿಯ ಒಂದು ಅಂಕಣವನ್ನು ಮನೆಯವರಿಗೆ ಕಳುಹಿಸಲು, ಹಣ ಪಾವತಿಯಾದುದಕ್ಕೆ ಗುರುತು ಇಟ್ಟುಕೊಳ್ಳಲು ಇದನ್ನು ಬಳಸುತ್ತಾರೆ. ಇದಕ್ಕೆ ಬೇಕಾದ ಸಾಧನ ಇಂದಿನ ಎಲ್ಲ ಪ್ರಮುಖ ಕಾರ್ಯಾಚರಣ ವ್ಯವಸ್ಥೆಗಳಲ್ಲಿಯೂ ಮೊದಲೇ ಅಡಕವಾಗಿರುತ್ತದೆ. ಹೀಗಾಗಿ ಪರದೆಯನ್ನು ಸೆರೆಹಿಡಿಯುವುದು ಈಗ ಕಷ್ಟದ ಕೆಲಸವಲ್ಲ. ಚೌಕಟ್ಟಿನ ಒಳಗೆ ಏನು ಬಂತು, ಹೊರಗೆ ಏನು ಉಳಿಯಿತು ಎಂಬುದನ್ನು ನೋಡಿಕೊಳ್ಳುವುದೇ ಹೆಚ್ಚು ಎಚ್ಚರ ಬೇಡುವ ಕೆಲಸ.

ಇತಿಹಾಸ

1981ರಲ್ಲಿ ಬಂದ ಐಬಿಎಂ ಪಿಸಿಯ ಕೀಲಿಮಣೆಯಲ್ಲಿ 'ಪ್ರಿಂಟ್ ಸ್ಕ್ರೀನ್' ಕೀಲಿ ಇತ್ತು. ಹೆಸರೇ ಹೇಳುವಂತೆ, ಶಿಫ್ಟ್ ಜೊತೆಗೆ ಅದನ್ನು ಒತ್ತಿದರೆ ಪರದೆಯ ಮೇಲಿನ ಅಕ್ಷರಗಳು ನೇರವಾಗಿ ಮುದ್ರಕಕ್ಕೆ ಹೋಗಿ ಕಾಗದದ ಮೇಲೆ ಮೂಡುತ್ತಿದ್ದವು. 1984ರ ಆಪಲ್ ಮ್ಯಾಕಿಂತೋಷ್‌ನಲ್ಲಿ ಕಮಾಂಡ್, ಶಿಫ್ಟ್ ಮತ್ತು 3 ಒತ್ತಿದರೆ ಪರದೆ ಚಿತ್ರಕಡತವಾಗಿ ಉಳಿಯುತ್ತಿತ್ತು. ಆ ಕೀಲಿಗಳ ಜೋಡಣೆ ನಾಲ್ಕು ದಶಕ ಕಳೆದರೂ ಬದಲಾಗಿಲ್ಲ. ವಿಂಡೋಸ್‌ನಲ್ಲಿ ಪ್ರಿಂಟ್ ಸ್ಕ್ರೀನ್ ಕೀಲಿಯ ಅರ್ಥ ಬೇರೆಯಾಯಿತು. ಚಿತ್ರ ಮುದ್ರಕಕ್ಕೆ ಹೋಗುವ ಬದಲು ಕ್ಲಿಪ್‌ಬೋರ್ಡ್ ಎಂಬ ತಾತ್ಕಾಲಿಕ ಸ್ಮೃತಿಗೆ ಹೋಗುತ್ತಿತ್ತು. ಬಳಕೆದಾರರು ಪೇಂಟ್ ತಂತ್ರಾಂಶವನ್ನು ತೆರೆದು, ಅಲ್ಲಿ ಅಂಟಿಸಿ, ಬೇಡದ ಭಾಗವನ್ನು ಕತ್ತರಿಸಿ, ಉಳಿಸಬೇಕಾಗಿತ್ತು. ಹಲವು ಕಚೇರಿಗಳಲ್ಲಿ ಇಂದಿಗೂ ಇದೇ ರೂಢಿ ಮುಂದುವರಿದಿದೆ.

ಟೆಕ್‌ಸ್ಮಿತ್ ಸಂಸ್ಥೆಯ 'ಸ್ನ್ಯಾಗ್‌ಇಟ್' (1990) ಈ ಶ್ರಮವನ್ನು ತಗ್ಗಿಸಿದ ಆರಂಭದ ವಾಣಿಜ್ಯ ತಂತ್ರಾಂಶಗಳಲ್ಲಿ ಒಂದು. 2007ರ ವಿಂಡೋಸ್ ವಿಸ್ತಾದೊಂದಿಗೆ 'ಸ್ನಿಪ್ಪಿಂಗ್ ಟೂಲ್' ಸಾಮಾನ್ಯ ಬಳಕೆದಾರರಿಗೂ ಸಿಕ್ಕಿತು. ಆಯತ, ಕೈಬರಹದಂತಹ ಸ್ವೇಚ್ಛಾರೇಖೆ, ಒಂದೇ ಕಿಟಕಿ, ಇಡೀ ಪರದೆ ಎಂಬ ನಾಲ್ಕು ಬಗೆಯ ಆಯ್ಕೆಗಳನ್ನು ಅದು ನೀಡಿತು. ಮೊಬೈಲುಗಳಲ್ಲಿ ಐಫೋನ್‌ಗೆ 2008ರಲ್ಲಿಯೂ, ಆಂಡ್ರಾಯ್ಡ್‌ಗೆ 2011ರ 4.0 ಆವೃತ್ತಿಯಲ್ಲಿಯೂ ಈ ಸೌಲಭ್ಯ ಬಂದಿತು.

ಕಾರ್ಯವಿಧಾನ

ಪರದೆಯ ಮೇಲಿನ ಪ್ರತಿ ಬಿಂದುವಿನ ಬಣ್ಣವೂ ಗಣಕಯಂತ್ರದ ಸ್ಮೃತಿಯಲ್ಲಿ ಸಂಖ್ಯೆಯಾಗಿ ಇರುತ್ತದೆ. 1920 × 1080 ಬಿಂದುಗಳ ಪರದೆಯಲ್ಲಿ, ಬಿಂದುವೊಂದಕ್ಕೆ 4 ಬೈಟ್ ಎಂದಾದರೆ, ಒಟ್ಟು ಸುಮಾರು 83 ಲಕ್ಷ ಬೈಟ್‌ಗಳಾಗುತ್ತವೆ. ಆಯ್ದ ಭಾಗವನ್ನು ಸೆರೆಹಿಡಿಯುವ ಹೆಚ್ಚಿನ ಸಾಧನಗಳು ಮೊದಲು ಈ ಇಡೀ ಪರದೆಯನ್ನು ನಕಲು ಮಾಡಿಕೊಳ್ಳುತ್ತವೆ. ಅನಂತರ ಆ ನಕಲನ್ನೇ ತುಸು ಮಬ್ಬಾಗಿಸಿ ಪರದೆಯ ತುಂಬ ತೋರಿಸಿ, ಅದರ ಮೇಲೆ ಆಯತ ಎಳೆಯಲು ಬಿಡುತ್ತವೆ. ಬಳಕೆದಾರರು ಮೌಸ್ ಒತ್ತಿದ ಮತ್ತು ಬಿಟ್ಟ ಎರಡು ಬಿಂದುಗಳಿಂದ ಆಯತದ ಮೂಲೆಗಳು ನಿರ್ಧಾರವಾಗಿ, ಉಳಿದದ್ದು ಕೈಬಿಡಲಾಗುತ್ತದೆ. ವಿಡಿಯೊ ಓಡುತ್ತಿದ್ದರೂ ಆಯ್ಕೆ ಮಾಡುವಾಗ ಪರದೆ ಹೆಪ್ಪುಗಟ್ಟಿದಂತೆ ನಿಲ್ಲುವುದು ಇದೇ ಕಾರಣಕ್ಕೆ.

ತೆರೆದ ಮೆನುವನ್ನು ಸೆರೆಹಿಡಿಯುವಲ್ಲಿ ಒಂದು ತೊಡಕಿದೆ. ಮೌಸನ್ನು ಬೇರೆಡೆ ಒತ್ತಿದ ಕೂಡಲೇ ಮೆನು ಮುಚ್ಚಿಹೋಗುತ್ತದೆ. ಇದಕ್ಕಾಗಿಯೇ ಸಾಧನಗಳಲ್ಲಿ 3 ಅಥವಾ 5 ಸೆಕೆಂಡುಗಳ ವಿಳಂಬದ ಆಯ್ಕೆ ಇರುತ್ತದೆ. ಆ ಅವಧಿಯಲ್ಲಿ ಮೆನುವನ್ನು ತೆರೆದು ಇಟ್ಟುಕೊಂಡರೆ ಸಾಕು.

ಬ್ಯಾಂಕಿನ ಅನ್ವಯಿಕಗಳ ಚಿತ್ರ ತೆಗೆಯಲು ಹೋದರೆ ಕಪ್ಪು ಪರದೆ ಬರುವುದೂ ಉಂಟು. ಆಂಡ್ರಾಯ್ಡ್‌ನಲ್ಲಿ ಅನ್ವಯಿಕವೊಂದು ತನ್ನ ಕಿಟಕಿಯನ್ನು ಸುರಕ್ಷಿತವೆಂದು ಘೋಷಿಸಿಕೊಂಡರೆ ವ್ಯವಸ್ಥೆಯೇ ಅದರ ಚಿತ್ರವನ್ನು ನಿರಾಕರಿಸುತ್ತದೆ. ಅದು ಸಾಧನದ ದೋಷವಲ್ಲ.

ಸಾಧನಗಳು

ವಿಂಡೋಸ್ 10 ಮತ್ತು 11ರಲ್ಲಿ ವಿಂಡೋಸ್ ಕೀಲಿ, ಶಿಫ್ಟ್ ಮತ್ತು ಎಸ್ ಅನ್ನು ಒಟ್ಟಿಗೆ ಒತ್ತಿದರೆ ಪರದೆ ಮಬ್ಬಾಗಿ ಆಯ್ಕೆಯ ಗುರುತು ಕಾಣಿಸಿಕೊಳ್ಳುತ್ತದೆ. ಆಯತ ಎಳೆದೊಡನೆ ಚಿತ್ರ ಕ್ಲಿಪ್‌ಬೋರ್ಡ್‌ಗೆ ಸೇರುತ್ತದೆ. ಅದನ್ನು ಇಮೇಲ್‌ಗೋ ಪತ್ರಕ್ಕೋ ನೇರವಾಗಿ ಅಂಟಿಸಬಹುದು. 2018ರಲ್ಲಿ 'ಸ್ನಿಪ್ ಅಂಡ್ ಸ್ಕೆಚ್' ಎಂಬ ಹೊಸ ಸಾಧನ ಬಂದು, ವಿಂಡೋಸ್ 11ರಲ್ಲಿ ಅದು ಹಳೆಯ ಸ್ನಿಪ್ಪಿಂಗ್ ಟೂಲ್ ಹೆಸರಿನಲ್ಲಿಯೇ ವಿಲೀನವಾಯಿತು. ಒಂದೇ ಸಾಧನಕ್ಕೆ ಹೀಗೆ ಹೆಸರು ಬದಲಾಗುತ್ತ ಬಂದುದರಿಂದ ಹಳೆಯ ಕೈಪಿಡಿಗಳನ್ನು ಓದುವವರು ಗೊಂದಲಕ್ಕೆ ಒಳಗಾಗುವುದು ಸಹಜ. ಒಂದು ಕಿಟಕಿ ಮಾತ್ರ ಬೇಕಿದ್ದರೆ ಆಲ್ಟ್ ಮತ್ತು ಪ್ರಿಂಟ್ ಸ್ಕ್ರೀನ್ ಸಾಕು.

ಮ್ಯಾಕ್‌ನಲ್ಲಿ ಕಮಾಂಡ್, ಶಿಫ್ಟ್ ಮತ್ತು 4 ಒತ್ತಿದರೆ ಆಯ್ಕೆಯ ಗುರುತು ಬರುತ್ತದೆ. ಆಗ ಸ್ಪೇಸ್ ಕೀಲಿಯನ್ನು ಒತ್ತಿದರೆ ಒಂದು ಕಿಟಕಿಯನ್ನಷ್ಟೇ ಆರಿಸಬಹುದು. ಕಂಟ್ರೋಲ್ ಕೀಲಿಯನ್ನೂ ಸೇರಿಸಿದರೆ ಚಿತ್ರ ಕಡತವಾಗುವ ಬದಲು ಕ್ಲಿಪ್‌ಬೋರ್ಡ್‌ಗೆ ಹೋಗುತ್ತದೆ. 2018ರ ಮೊಹಾವಿ ಆವೃತ್ತಿಯಿಂದ ಕಮಾಂಡ್, ಶಿಫ್ಟ್ ಮತ್ತು 5ಕ್ಕೆ ಎಲ್ಲ ಆಯ್ಕೆಗಳಿರುವ ಪಟ್ಟಿಯೊಂದು ತೆರೆದುಕೊಳ್ಳುತ್ತದೆ.

ಲಿನಕ್ಸ್‌ನಲ್ಲಿ ಸಾಧನವು ಡೆಸ್ಕ್‌ಟಾಪ್ ಪರಿಸರವನ್ನು ಅವಲಂಬಿಸಿರುತ್ತದೆ. 2022ರ ಗ್ನೋಮ್ 42ರಿಂದ ಪ್ರಿಂಟ್ ಸ್ಕ್ರೀನ್ ಒತ್ತಿದರೆ ಆಯ್ಕೆಯ ಚೌಕಟ್ಟು ಪರದೆಯ ಮೇಲೆಯೇ ಬರುತ್ತದೆ. ಕೆಡಿಇಯಲ್ಲಿ 'ಸ್ಪೆಕ್ಟಕಲ್' ಇದೆ. 'ಫ್ಲೇಮ್‌ಶಾಟ್' ಎಂಬ ಸ್ವತಂತ್ರ ತಂತ್ರಾಂಶದಲ್ಲಿ ಆಯ್ಕೆ ಮಾಡಿದ ಜಾಗದಲ್ಲಿಯೇ ಬಾಣ, ಸಂಖ್ಯೆ, ಪೆಟ್ಟಿಗೆಗಳನ್ನು ಬರೆಯಬಹುದು. ವೇಲ್ಯಾಂಡ್ ಎಂಬ ಹೊಸ ಚಿತ್ರಣ ವ್ಯವಸ್ಥೆಯಲ್ಲಿ ಒಂದು ತಂತ್ರಾಂಶವು ಮತ್ತೊಂದರ ಕಿಟಕಿಯನ್ನು ಅನುಮತಿಯಿಲ್ಲದೆ ಓದುವಂತಿಲ್ಲ. ಆದ್ದರಿಂದ ಹಿಂದಿನ ಎಕ್ಸ್11 ಕಾಲದ ಕೆಲವು ಸಾಧನಗಳು ಅಲ್ಲಿ ಖಾಲಿ ಚಿತ್ರವನ್ನು ಕೊಡುತ್ತವೆ.

ವಿಂಡೋಸ್‌ಗೆ ಹೊರಗಿನಿಂದ ಹಾಕಿಕೊಳ್ಳುವ ಉಚಿತ ಸಾಧನಗಳಲ್ಲಿ 'ಗ್ರೀನ್‌ಶಾಟ್' ಮತ್ತು 'ಶೇರ್‌ಎಕ್ಸ್' ಮುಖ್ಯವಾದವು. ಎರಡೂ ಮುಕ್ತ ಪರವಾನಗಿಯವು. ಗ್ರೀನ್‌ಶಾಟ್‌ನಲ್ಲಿ ಶಿಫ್ಟ್ ಮತ್ತು ಪ್ರಿಂಟ್ ಸ್ಕ್ರೀನ್ ಒತ್ತಿದರೆ ಹಿಂದಿನ ಸಲ ಗುರುತಿಸಿದ ಜಾಗವೇ ಮತ್ತೆ ಸೆರೆಯಾಗುತ್ತದೆ. ಪಾಠವೊಂದಕ್ಕೆ ಒಂದೇ ಅಳತೆಯ ಇಪ್ಪತ್ತು ಚಿತ್ರಗಳು ಬೇಕಾದ ಶಿಕ್ಷಕರಿಗೆ ಈ ಒಂದು ಅನುಕೂಲವೇ ಸಾಕಷ್ಟು ಸಮಯ ಉಳಿಸುತ್ತದೆ. ಶೇರ್‌ಎಕ್ಸ್‌ನಲ್ಲಿ ಉದ್ದನೆಯ ಪುಟವನ್ನು ಸರಿಸುತ್ತ ಸೆರೆಹಿಡಿಯುವ ಸೌಲಭ್ಯವಿದೆ. ಆದರೆ ಅದರ ಆಯ್ಕೆಗಳ ರಾಶಿ ಹೊಸಬರನ್ನು ಬೆದರಿಸುವಷ್ಟಿದೆ. ಜಾಲತಾಣದ ಪುಟವನ್ನಷ್ಟೇ ಸೆರೆಹಿಡಿಯಬೇಕಿದ್ದರೆ ಫೈರ್‌ಫಾಕ್ಸ್ ಬ್ರೌಸರಿನಲ್ಲಿ ಕಂಟ್ರೋಲ್, ಶಿಫ್ಟ್ ಮತ್ತು ಎಸ್ ಒತ್ತಬಹುದು.

ಸಾಧನವನ್ನು ಆರಿಸುವಾಗ ನೋಡಬೇಕಾದ ಮುಖ್ಯ ಗುಣವೆಂದರೆ ಚಿತ್ರ ಎಲ್ಲಿಗೆ ಹೋಗುತ್ತದೆ ಎಂಬುದು. ಕೆಲವು ಉಚಿತ ಸಾಧನಗಳು ಒಂದೇ ಗುಂಡಿಯಿಂದ ಚಿತ್ರವನ್ನು ತಮ್ಮ ಜಾಲತಾಣಕ್ಕೆ ಏರಿಸಿ ಸಾರ್ವಜನಿಕ ಕೊಂಡಿಯನ್ನು ಕೊಡುತ್ತವೆ. ಕೊಂಡಿ ಚಿಕ್ಕದಾಗಿದ್ದರೆ ಅದನ್ನು ಊಹಿಸಿ ತೆರೆಯುವುದು ಯಾರಿಗೂ ಕಷ್ಟವಲ್ಲ. ಆಧಾರ್ ಸಂಖ್ಯೆಯೋ ಗುಪ್ತಪದವೋ ಇರುವ ಚಿತ್ರ ಹಾಗೆ ಹೋದರೆ ಅದನ್ನು ಹಿಂದಕ್ಕೆ ಪಡೆಯುವ ದಾರಿ ಇರುವುದಿಲ್ಲ.

ಕನ್ನಡ ಪಠ್ಯ ಮತ್ತು ಪರದೆಚಿತ್ರ

ಕನ್ನಡ ಬಳಕೆದಾರರಿಗೆ ಪರದೆಚಿತ್ರ ಬಹುಕಾಲ ಅನಿವಾರ್ಯವೇ ಆಗಿತ್ತು. ಬರಹ, ನುಡಿ ಮೊದಲಾದ ತಂತ್ರಾಂಶಗಳಲ್ಲಿ ಯೂನಿಕೋಡ್ ಅಲ್ಲದ ಅಕ್ಷರವಿನ್ಯಾಸದಿಂದ ಬೆರಳಚ್ಚು ಮಾಡಿದ ಪಠ್ಯವನ್ನು ಅದೇ ಅಕ್ಷರಶೈಲಿ ಇಲ್ಲದ ಗಣಕಯಂತ್ರದಲ್ಲಿ ತೆರೆದರೆ ಅರ್ಥವಿಲ್ಲದ ರೋಮನ್ ಅಕ್ಷರಗಳು ಕಾಣುತ್ತಿದ್ದವು. ಅಕ್ಷರಗಳು ಕೆಡದಂತೆ ಕಳುಹಿಸುವ ಸುಲಭ ದಾರಿ ಎಂದರೆ ಅವುಗಳನ್ನು ಚಿತ್ರವಾಗಿಸುವುದು. 1991ರಲ್ಲಿಯೇ ಯೂನಿಕೋಡ್‌ನಲ್ಲಿ ಕನ್ನಡಕ್ಕೆ ಸ್ಥಾನ ಸಿಕ್ಕಿತ್ತಾದರೂ, 2001ರ ವಿಂಡೋಸ್ ಎಕ್ಸ್‌ಪಿ ತುಂಗಾ ಅಕ್ಷರಶೈಲಿಯೊಂದಿಗೆ ಬಂದ ಮೇಲೆ, ಅದೂ ನಿಧಾನವಾಗಿ, ಈ ಪರಿಸ್ಥಿತಿ ಬದಲಾಯಿತು.

ಆ ಅನಿವಾರ್ಯತೆ ತಪ್ಪಿದರೂ ರೂಢಿ ಉಳಿದಿದೆ. ಸುತ್ತೋಲೆ, ಪ್ರಕಟಣೆ, ಕವಿತೆ, ವಚನಗಳು ವಾಟ್ಸಾಪ್‌ನಲ್ಲಿ ಚಿತ್ರವಾಗಿಯೇ ಓಡಾಡುತ್ತವೆ. ಚಿತ್ರದೊಳಗಿನ ಅಕ್ಷರಗಳನ್ನು ಹುಡುಕಲಾಗದು, ನಕಲಿಸಲಾಗದು. ದೃಷ್ಟಿದೋಷವಿರುವವರು ಬಳಸುವ ಎನ್‌ವಿಡಿಎಯಂತಹ ಪರದೆ ಓದುಗ ತಂತ್ರಾಂಶವು ಯೂನಿಕೋಡ್ ಕನ್ನಡವನ್ನು ಓದಿ ಹೇಳಬಲ್ಲದು. ಅದೇ ಪಠ್ಯ ಚಿತ್ರವಾಗಿದ್ದರೆ ಅದಕ್ಕೆ ನೇರವಾಗಿ ಓದಲು ಏನೂ ಸಿಗುವುದಿಲ್ಲ. ಟೆಸರಾಕ್ಟ್ ಎಂಬ ಮುಕ್ತ ತಂತ್ರಾಂಶ ಮತ್ತು ಗೂಗಲ್ ಲೆನ್ಸ್ ಚಿತ್ರದಿಂದ ಕನ್ನಡ ಅಕ್ಷರಗಳನ್ನು ಗುರುತಿಸಿ ಪಠ್ಯವಾಗಿಸುತ್ತವೆ. ಫಲಿತಾಂಶವನ್ನು ಮೂಲದೊಂದಿಗೆ ಹೋಲಿಸಿ ತಿದ್ದಬೇಕಾಗುತ್ತದೆ. ಪಠ್ಯವನ್ನೇ ಕಳುಹಿಸಬಹುದಾದ ಕಡೆ ಚಿತ್ರ ಕಳುಹಿಸದಿರುವುದು ಒಳ್ಳೆಯದು.

ಚಿತ್ರವೇ ಬೇಕೆಂದಾಗ ಕನ್ನಡ ಲಿಪಿಯ ಸ್ವಭಾವವನ್ನು ಗಮನದಲ್ಲಿ ಇಟ್ಟುಕೊಳ್ಳಬೇಕು. ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುತ್ತವೆ. ರೋಮನ್ ಅಕ್ಷರದ ಅಂದಾಜಿನಲ್ಲಿ ಚೌಕಟ್ಟಿನ ಕೆಳಗೆರೆಯನ್ನು ಸಾಲಿಗೆ ತಾಗಿಸಿ ಎಳೆದರೆ ಕೊನೆಯ ಸಾಲಿನ ಒತ್ತುಗಳು ಕತ್ತರಿಸಿಹೋಗುತ್ತವೆ. ಆಗ 'ಕತ್ತೆ' ಎಂಬುದು 'ಕತೆ'ಯಾಗುತ್ತದೆ, 'ಹಳ್ಳಿ' ಎಂಬುದು 'ಹಳಿ'ಯಾಗುತ್ತದೆ. ಉಳಿದ ಪದವೂ ಅರ್ಥವುಳ್ಳದ್ದೇ ಆದ್ದರಿಂದ ಓದುವವರಿಗೆ ತಪ್ಪಾಗಿದೆ ಎಂದು ಅನುಮಾನವೂ ಬರುವುದಿಲ್ಲ. ಕೆಳಗೆ ಅರ್ಧ ಸಾಲಿನಷ್ಟಾದರೂ ಜಾಗ ಬಿಡುವುದು ಕ್ಷೇಮ.

ಸ್ಪಷ್ಟತೆಯ ಪ್ರಶ್ನೆ ಬೇರೆ. ಅಕ್ಷರಗಳಿರುವ ಚಿತ್ರವನ್ನು ಪಿಎನ್‌ಜಿ ರೂಪದಲ್ಲಿ ಉಳಿಸಬೇಕು. ಜೆಪೆಗ್ ರೂಪ ಛಾಯಾಚಿತ್ರಗಳಿಗೆ ಹೊಂದುತ್ತದೆ, ಅಕ್ಷರದ ಅಂಚುಗಳ ಸುತ್ತ ಮಾತ್ರ ಕಲೆಗಳನ್ನು ಉಂಟುಮಾಡುತ್ತದೆ. ಸಂದೇಶದ ಅನ್ವಯಿಕಗಳು ಚಿತ್ರವನ್ನು ಕುಗ್ಗಿಸಿ ಕಳುಹಿಸುವುದರಿಂದ ಮುಖ್ಯವಾದುದನ್ನು ಚಿತ್ರವೆಂದಲ್ಲದೆ ದಾಖಲೆಯೆಂದು ಲಗತ್ತಿಸಬಹುದು. ಮುದ್ರಣಕ್ಕೆ ಇಂಚಿಗೆ 300 ಬಿಂದುಗಳು ಬೇಕೆಂದಿಟ್ಟುಕೊಂಡರೆ 600 ಬಿಂದು ಅಗಲದ ಆಯ್ದ ಭಾಗ ಕಾಗದದ ಮೇಲೆ ಕೇವಲ 2 ಇಂಚು. ಸೆರೆಹಿಡಿದ ಮೇಲೆ ಚಿತ್ರವನ್ನು ಹಿಗ್ಗಿಸಿದರೆ ಮಸುಕಾಗುತ್ತದೆ. ಸೆರೆಹಿಡಿಯುವ ಮೊದಲೇ ಬ್ರೌಸರಿನಲ್ಲಿ ಕಂಟ್ರೋಲ್ ಮತ್ತು ಕೂಡುವ ಚಿಹ್ನೆಯನ್ನು ಒತ್ತಿ ಪುಟವನ್ನು ದೊಡ್ಡದಾಗಿಸಿಕೊಂಡರೆ ಅಕ್ಷರಗಳು ಸ್ಪಷ್ಟವಾಗಿಯೇ ಬರುತ್ತವೆ.

ಚೌಕಟ್ಟಿನ ಹೊರಗೆ ಉಳಿಯುವುದು

ಕರ್ನಾಟಕದಲ್ಲಿ ಆಯ್ದ ಭಾಗದ ಚಿತ್ರಕ್ಕೆ ಸುಲಭವಾಗಿ ಅರ್ಥವಾಗುವ ಉದಾಹರಣೆ ಪಹಣಿ. ರಾಜ್ಯದ ಭೂಮಿ ಯೋಜನೆಯು 2000ದ ದಶಕದ ಆರಂಭದಲ್ಲಿ ಕೈಬರಹದ ಪಹಣಿಗಳನ್ನು ಗಣಕೀಕರಿಸಿತು. ಬೀದರ್ ಜಿಲ್ಲೆಯ ಕೊಡಂಬಲದಂತಹ ಊರಿನ ಜಮೀನಿನ ವಿವರವನ್ನು ಈಗ ಬೆಂಗಳೂರಿನಲ್ಲಿಯೋ ಹೈದರಾಬಾದಿನಲ್ಲಿಯೋ ಕುಳಿತವರೂ ನೋಡಬಹುದು. ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರ್, ಹಿಸ್ಸಾಗಳನ್ನು ಆರಿಸಿದರೆ ಪಹಣಿ ತೆರೆಯುತ್ತದೆ. ಅದು ಹಲವು ಅಂಕಣಗಳ ಅಗಲವಾದ ನಮೂನೆ. ಮೊಬೈಲಿನ ಪರದೆಯಲ್ಲಿ ಒಟ್ಟಿಗೆ ಕಾಣದು, ಕಂಡರೂ ಓದಲಾಗದು. ಸಹಜವಾಗಿಯೇ ಜನ ಬೇಕಾದ ಅಂಕಣವನ್ನು ದೊಡ್ಡದು ಮಾಡಿ ಅಷ್ಟನ್ನೇ ಸೆರೆಹಿಡಿದು ಕಳುಹಿಸುತ್ತಾರೆ.

ಸ್ವಾಧೀನದಾರರ ಹೆಸರು ಇರುವುದು 9ನೆಯ ಕಾಲಂನಲ್ಲಿ. ಹಕ್ಕುಗಳು ಮತ್ತು ಋಣಗಳು, ಎಂದರೆ ಬ್ಯಾಂಕಿನ ಅಥವಾ ಸಹಕಾರ ಸಂಘದ ಸಾಲದ ಹೊರೆ, ಇರುವುದು 11ನೆಯ ಕಾಲಂನಲ್ಲಿ. 9ನೆಯ ಕಾಲಂನ ಚಿತ್ರವನ್ನು ಮಾತ್ರ ನೋಡಿ ಜಮೀನಿಗೆ ಮುಂಗಡ ಕೊಡುವವರು ಹೆಸರು ಸರಿಯಿದೆ ಎಂದು ನಂಬುತ್ತಾರೆ. ಆ ಚಿತ್ರದಲ್ಲಿ ಸುಳ್ಳೇನೂ ಇರುವುದಿಲ್ಲ, ಆದರೂ ಸಾಲದ ಸಂಗತಿ ಅಲ್ಲಿಲ್ಲ. ಸರ್ವೆ ನಂಬರ್ ಮತ್ತು ಯಾವ ವರ್ಷದ ಪಹಣಿ ಎಂಬ ವಿವರಗಳು ತಲೆಬರಹದಲ್ಲಿ ಇರುವುದರಿಂದ ಅವೂ ಕತ್ತರಿಸಿಹೋಗಿರುವುದುಂಟು. ಪಹಣಿಯ ಚಿತ್ರ ಕಳುಹಿಸುವಾಗ ತಲೆಬರಹವನ್ನೂ 9 ಮತ್ತು 11ನೆಯ ಕಾಲಂಗಳನ್ನೂ ಸೇರಿಸಿಯೇ ಕಳುಹಿಸಬೇಕು. ಪಡೆದವರು ಸರ್ವೆ ನಂಬರನ್ನು ತಾವೇ ಹಾಕಿ ನೋಡುವುದು ಇನ್ನೂ ಉತ್ತಮ. ಪರದೆಯ ಮೇಲಿನ ನೋಟ ತಿಳಿವಳಿಕೆಗೆ ಮಾತ್ರ. ವ್ಯವಹಾರಕ್ಕೆ ನಾಡಕಚೇರಿಯಿಂದ ಅಥವಾ ಶುಲ್ಕ ಕಟ್ಟಿ ಆನ್‌ಲೈನಿನಲ್ಲಿ ಪಡೆದ ಅಧಿಕೃತ ಪ್ರತಿಯೇ ಬೇಕು.

ಇದೇ ಸೀಮೆಗೆ ಸೇರಿದ ಇನ್ನೊಂದು ಉದಾಹರಣೆ ವಚನಗಳದ್ದು. ಹನ್ನೆರಡನೆಯ ಶತಮಾನದ ಕಲ್ಯಾಣ, ಇಂದಿನ ಬಸವಕಲ್ಯಾಣ, ಶರಣರ ನೆಲೆಯಾಗಿತ್ತು. ವಚನ ಯಾರದೆಂದು ತಿಳಿಸುವ ಅಂಕಿತ ಸಾಮಾನ್ಯವಾಗಿ ಕೊನೆಯಲ್ಲಿ ಬರುತ್ತದೆ. ಬಸವಣ್ಣನವರದು ಕೂಡಲಸಂಗಮದೇವ, ಅಲ್ಲಮಪ್ರಭುವಿನದು ಗುಹೇಶ್ವರ, ಅಕ್ಕಮಹಾದೇವಿಯದು ಚೆನ್ನಮಲ್ಲಿಕಾರ್ಜುನ. ಮೊದಲ ಎರಡು ಮೂರು ಸಾಲುಗಳನ್ನಷ್ಟೇ ಚೌಕಟ್ಟಿಗೆ ಸೇರಿಸಿದರೆ ಅಂಕಿತ ಹೊರಗುಳಿಯುತ್ತದೆ. ಅಂಕಿತವಿಲ್ಲದ ಚಿತ್ರಕ್ಕೆ ಮುಂದೆ ಯಾರದೋ ಹೆಸರು ಅಂಟಿಕೊಳ್ಳುವುದು ತೀರ ಸುಲಭ. 'ವಚನ ಸಂಚಯ' ಎಂಬ ಜಾಲತಾಣದಲ್ಲಿ ವಚನಗಳು ಯೂನಿಕೋಡ್ ಪಠ್ಯವಾಗಿವೆ. ಅಲ್ಲಿ ಒಂದು ಪದವನ್ನು ಕೊಟ್ಟು ಹುಡುಕಿದರೆ ಆ ಪದ ಯಾವ ವಚನಕಾರರಲ್ಲಿ ಬಂದಿದೆ ಎಂಬುದು ಸಿಗುತ್ತದೆ. ಚಿತ್ರವಾಗಿ ಬಂದ ವಚನವನ್ನು ಮೂಲದೊಂದಿಗೆ ತಾಳೆನೋಡಲು ವಿದ್ಯಾರ್ಥಿಗಳಿಗೆ ಇದು ಉಪಯುಕ್ತ.

ಹಣ ಪಾವತಿಯ ಚಿತ್ರದ ವಿಷಯದಲ್ಲಿ ಮೋಸ ಇನ್ನಷ್ಟು ನೇರ. ಯುಪಿಐ ಪಾವತಿ ಯಶಸ್ವಿಯಾಯಿತೆಂದು ತೋರಿಸುವ ನಕಲಿ ಚಿತ್ರವನ್ನು ತಯಾರಿಸಲು ವಿಶೇಷ ಜಾಣ್ಮೆ ಬೇಕಿಲ್ಲ. ಹಳೆಯ ಪಾವತಿಯ ಚಿತ್ರದಲ್ಲಿ ದಿನಾಂಕವಿರುವ ಭಾಗವನ್ನು ಕತ್ತರಿಸಿ ತೋರಿಸಿದರೂ ಗಡಿಬಿಡಿಯ ಅಂಗಡಿಯಲ್ಲಿ ಅದು ಸಾಗಿಹೋಗುತ್ತದೆ. ವ್ಯಾಪಾರಿಗಳು ಗ್ರಾಹಕರ ಪರದೆಯನ್ನಲ್ಲ, ತಮ್ಮ ಖಾತೆಗೆ ಹಣ ಬಂದಿರುವುದನ್ನು ನೋಡಬೇಕು. ವಹಿವಾಟಿಗೆ 12 ಅಂಕೆಗಳ ಉಲ್ಲೇಖ ಸಂಖ್ಯೆ ಇರುತ್ತದೆ. ತಕರಾರು ಬಂದಾಗ ಬ್ಯಾಂಕಿನಲ್ಲಿ ಕೆಲಸಕ್ಕೆ ಬರುವುದು ಆ ಸಂಖ್ಯೆಯೇ. ಹಣ ಕಳೆದುಕೊಂಡವರು ತಡಮಾಡದೆ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು.

ಕತ್ತರಿಸಿದರೂ ಉಳಿಯುವ ಭಾಗ

ಹೊರಗಿಟ್ಟದ್ದು ನಿಜವಾಗಿಯೂ ಹೊರಗೆ ಹೋಯಿತೇ ಎಂಬ ಪ್ರಶ್ನೆಯೂ ಇದೆ. 2023ರ ಮಾರ್ಚ್‌ನಲ್ಲಿ ಸೈಮನ್ ಆರನ್ಸ್ ಮತ್ತು ಡೇವಿಡ್ ಬುಕಾನನ್ ಎಂಬ ಸಂಶೋಧಕರು ಗೂಗಲ್ ಪಿಕ್ಸೆಲ್ ಫೋನುಗಳ 'ಮಾರ್ಕಪ್' ಸಾಧನದಲ್ಲಿ ದೋಷವೊಂದನ್ನು ಬಹಿರಂಗಪಡಿಸಿದರು. ಕತ್ತರಿಸಿದ ಚಿಕ್ಕ ಚಿತ್ರವನ್ನು ಮೂಲ ಕಡತದ ಮೇಲೆಯೇ ಬರೆಯುವಾಗ ಹಳೆಯ ಕಡತದ ಉಳಿದ ಬಾಲವನ್ನು ಸಾಧನವು ಅಳಿಸುತ್ತಿರಲಿಲ್ಲ. ಆ ಬಾಲದಿಂದ ಕತ್ತರಿಸಿದ ಭಾಗವನ್ನು ಮತ್ತೆ ಕಟ್ಟಿಕೊಳ್ಳಬಹುದಾಗಿತ್ತು. ಈ ದೋಷಕ್ಕೆ 'ಎಕ್ರಾಪಲಿಪ್ಸ್' ಎಂದು ಹೆಸರಾಯಿತು. ಕೆಲವೇ ದಿನಗಳಲ್ಲಿ ವಿಂಡೋಸ್ 11ರ ಸ್ನಿಪ್ಪಿಂಗ್ ಟೂಲ್ ಮತ್ತು ವಿಂಡೋಸ್ 10ರ ಸ್ನಿಪ್ ಅಂಡ್ ಸ್ಕೆಚ್‌ನಲ್ಲಿಯೂ ಇಂಥದೇ ದೋಷ ಕಂಡುಬಂದಿತು. ಎರಡೂ ಸಂಸ್ಥೆಗಳು ಸಾಧನಗಳನ್ನು ಸರಿಪಡಿಸಿದವು. ಆದರೆ ಅದಕ್ಕೆ ಮೊದಲು ಹಂಚಿಹೋದ ಚಿತ್ರಗಳನ್ನು ಆ ತಿದ್ದುಪಡಿ ಮುಟ್ಟುವುದಿಲ್ಲ.

ವರ್ಡ್ ಕಡತದಲ್ಲಿ ಅಂಟಿಸಿದ ಚಿತ್ರವನ್ನು ಅಲ್ಲಿಯೇ ಕತ್ತರಿಸಿದರೆ ಬೇಡದ ಭಾಗ ಮರೆಯಾಗುತ್ತದೆಯೇ ಹೊರತು ಅಳಿಯುವುದಿಲ್ಲ. ಕತ್ತರಿಸಿದ ಭಾಗಗಳನ್ನು ಅಳಿಸುವ ಆಯ್ಕೆಯನ್ನು ಪ್ರತ್ಯೇಕವಾಗಿ ಬಳಸಬೇಕು. ಆರಂಭದಲ್ಲಿಯೇ ಬೇಕಾದಷ್ಟನ್ನೇ ಆರಿಸಿ ಸೆರೆಹಿಡಿಯುವ ಸಾಧನಕ್ಕಿರುವ ದೊಡ್ಡ ಅನುಕೂಲ ಇದೇ. ಬೇಡದ್ದು ಕಡತಕ್ಕೆ ಸೇರುವುದೇ ಇಲ್ಲ.

ಸಂಖ್ಯೆ ಅಥವಾ ಹೆಸರನ್ನು ಮರೆಮಾಡಲು ಮಸುಕಾಗಿಸುವುದು ಇಲ್ಲವೆ ಚೌಕಗಳಾಗಿ ಒಡೆಯುವುದು ಸಾಕಾಗದು. ಅಂತಹ ಚೌಕಗಳಿಂದ ಮೂಲ ಅಕ್ಷರಗಳನ್ನು ಊಹಿಸಿ ತೆಗೆಯುವ ತಂತ್ರಾಂಶವನ್ನು 2022ರಲ್ಲಿ ಬಿಷಪ್ ಫಾಕ್ಸ್ ಎಂಬ ಭದ್ರತಾ ಸಂಸ್ಥೆ ಬಿಡುಗಡೆ ಮಾಡಿ ತೋರಿಸಿದೆ. ಮೊಬೈಲಿನ ಮಾರ್ಕರ್ ಗೆರೆ ಅರೆಪಾರದರ್ಶಕವಾಗಿದ್ದರೆ ಚಿತ್ರದ ಹೊಳಪನ್ನು ಹೆಚ್ಚಿಸಿದೊಡನೆ ಕೆಳಗಿನ ಅಂಕೆಗಳು ಕಾಣುತ್ತವೆ. ಪೂರ್ಣ ಕಪ್ಪು ಪೆಟ್ಟಿಗೆಯನ್ನು ಇರಿಸಿ ಚಿತ್ರವನ್ನು ಹೊಸ ಕಡತವಾಗಿ ಉಳಿಸುವುದು ಸುರಕ್ಷಿತ. ಆಧಾರ್ ಕಳುಹಿಸಲೇಬೇಕಾದಾಗ ಕೊನೆಯ 4 ಅಂಕೆಗಳನ್ನು ಮಾತ್ರ ತೋರಿಸುವ ಮರೆಮಾಚಿದ ಪ್ರತಿಯನ್ನು ಪ್ರಾಧಿಕಾರದ ಜಾಲತಾಣದಿಂದಲೇ ಪಡೆಯಬಹುದು.

ಸಾಕ್ಷ್ಯವಾಗಿ

ಬೆದರಿಕೆಯ ಸಂದೇಶ, ವಂಚನೆಯ ಜಾಹೀರಾತು ಮುಂತಾದುವು ಕ್ಷಣದಲ್ಲಿ ಅಳಿಸಿಹೋಗಬಹುದಾದ್ದರಿಂದ ದೂರು ಕೊಡುವವರಿಗೆ ಪರದೆಚಿತ್ರವೇ ಮೊದಲ ಆಸರೆ. ಇಲ್ಲಿ ಮಾತ್ರ ಆಯ್ದ ಭಾಗಕ್ಕಿಂತ ಇಡೀ ಪರದೆ ಮೇಲು. ಕಳುಹಿಸಿದವರ ಸಂಖ್ಯೆ, ದಿನಾಂಕ, ಸಮಯ, ಜಾಲತಾಣದ ವಿಳಾಸ ಇವೆಲ್ಲ ಅಂಚಿನಲ್ಲಿಯೇ ಇರುತ್ತವೆ. ಮೂಲ ಸಂದೇಶವನ್ನೂ ಫೋನನ್ನೂ ಹಾಗೆಯೇ ಕಾಪಾಡಿಕೊಳ್ಳಬೇಕು.

ಭಾರತದ ನ್ಯಾಯಾಲಯಗಳಲ್ಲಿ ವಿದ್ಯುನ್ಮಾನ ದಾಖಲೆಯ ಪ್ರತಿಯನ್ನು ಹಾಜರುಪಡಿಸಲು ಪ್ರಮಾಣಪತ್ರ ಅಗತ್ಯ. ಹಿಂದೆ ಇದು 1872ರ ಭಾರತೀಯ ಸಾಕ್ಷ್ಯ ಅಧಿನಿಯಮದ 65ಬಿ ಕಲಮಿನಲ್ಲಿತ್ತು. ಅನ್ವರ್ ಪಿ.ವಿ. ವಿರುದ್ಧ ಪಿ.ಕೆ. ಬಶೀರ್ (2014) ಮತ್ತು ಅರ್ಜುನ್ ಪಂಡಿತರಾವ್ ಖೋತ್ಕರ್ (2020) ಪ್ರಕರಣಗಳಲ್ಲಿ ಸರ್ವೋಚ್ಚ ನ್ಯಾಯಾಲಯ ಈ ಪ್ರಮಾಣಪತ್ರ ಕಡ್ಡಾಯವೆಂದು ಹೇಳಿತು. ಮೂಲ ಸಾಧನವನ್ನೇ ಅದರ ಮಾಲೀಕರು ಹಾಜರುಪಡಿಸಿದರೆ ಪ್ರಮಾಣಪತ್ರ ಬೇಕಿಲ್ಲ ಎಂದೂ 2020ರ ತೀರ್ಪು ಸ್ಪಷ್ಟಪಡಿಸಿತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮ, 2023ರಲ್ಲಿ ಈ ವಿಷಯ 63ನೆಯ ಕಲಮಿಗೆ ಬಂದಿದೆ. ಅದರ ಅನುಸೂಚಿಯ ನಮೂನೆಯಲ್ಲಿ ಎರಡು ಭಾಗಗಳಿವೆ. ಮೊದಲನೆಯದನ್ನು ದಾಖಲೆ ಹಾಜರುಪಡಿಸುವವರು, ಎರಡನೆಯದನ್ನು ತಜ್ಞರು ತುಂಬಬೇಕು. ಕಡತದ ಹ್ಯಾಶ್ ಮೌಲ್ಯವನ್ನೂ ಅದರಲ್ಲಿ ನಮೂದಿಸಬೇಕು. ಚಿತ್ರದ ಒಂದೇ ಒಂದು ಬಿಂದುವನ್ನು ಬದಲಿಸಿ ಉಳಿಸಿದರೂ ಈ ಮೌಲ್ಯ ಬೇರೆಯಾಗುತ್ತದೆ. ಆದ್ದರಿಂದ ದೂರಿಗೆಂದು ತೆಗೆದ ಚಿತ್ರದ ಮೇಲೆ ಬಾಣ ಅಥವಾ ಗೆರೆ ಹಾಕಬೇಕೆನಿಸಿದರೆ ಅದನ್ನು ಬೇರೊಂದು ಪ್ರತಿಯ ಮೇಲೆ ಹಾಕಬೇಕು.